ಕಾಟನ್ ಹಾಕಿದರೂ ಸೆಕೆ ಯಾಕೆ?

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ ಕಳೆದ ಜೂನ್‌ನಲ್ಲಿ ಕಾಸರಗೋಡಿಗೆ ಬಂದೆ. ಇಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುತ್ತೇನೆ. ದಿನಾ ಸ್ಕೂಟರಿನಲ್ಲಿ ಓಡಾಟ. ಊರಲ್ಲಿದ್ದಾಗ ‘ಚೆನ್ನಾಗಿ ಡ್ರೆಸ್ ಮಾಡ್ಕೊಳ್ತಾಳೆ’ ಅಂತ ಹೆಸರಿತ್ತು. ಇಲ್ಲಿ ಬೆಳಗ್ಗೆ ಹತ್ತಕ್ಕೇ ಬಟ್ಟೆ ಮೈಗೆ ಅಂಟಿರುತ್ತದೆ, ಕಂಕುಳು ಒದ್ದೆ. ಕಾಟನ್ ಹಾಕಿದರೂ ಅದೇ ಕಥೆ. ಮಳೆಗಾಲದಲ್ಲಿ ಎರಡು ರೇಷ್ಮೆ ಸೀರೆಗೆ ಬೂಷ್ಟು ಬಂತು. ಅತ್ತೆ ‘ಸುಮ್ನೆ ಕಾಸರಗೋಡು ಸೀರೆ ಉಡು’ ಅನ್ನುತ್ತಾರೆ. ಅದನ್ನು ಉಟ್ಟರೆ ಇಪ್ಪತ್ತೇಳು ವರ್ಷದ ನಾನು ಐವತ್ತರ ಆಂಟಿಯಂತೆ ಕಾಣುತ್ತೇನೆ. ಭಾನುವಾರ ಬೇಕಲದ ಬೀಚಿಗೆ ಹೊರಟರೆ ಅಲ್ಲಿಗೆ ಏನು ಹಾಕಬೇಕೋ ಗೊತ್ತಾಗುವುದಿಲ್ಲ. ಸೆಕೆಯೂ ಆಗಬಾರದು, ಚೆಂದವೂ ಕಾಣಬೇಕು. ಹತ್ತು ಸಾವಿರದೊಳಗೆ ಆಗುತ್ತಾ ಮೇಡಂ?

ಉತ್ತರ: ನಿಮ್ಮ ಪತ್ರ ಓದಿ ಸಣ್ಣಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಘಟ್ಟ ಇಳಿದು ಬಂದ ಸೊಸೆಯಂದಿರು ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಹೇಳುವ ಮೊದಲ ಮಾತೇ ಇದು. ಇಪ್ಪತ್ತೆಂಟು ವರ್ಷದಿಂದ ಕೇಳುತ್ತಿದ್ದೇನೆ. ಅದರಲ್ಲೂ ದಾವಣಗೆರೆ! ಹತ್ತಿ ಮಿಲ್ಲುಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನವರು ‘ಕಾಟನ್ ಹಾಕಿದರೂ ಸೆಕೆ’ ಅನ್ನುವುದು ಒಂಥರಾ ತಮಾಷೆಯೇ. ಆದರೆ ನಿಮ್ಮ ದೂರು ಸರಿಯಾಗಿಯೇ ಇದೆ.

ನಿಮ್ಮೂರಲ್ಲಿರುವುದು ಬಿಸಿಲು. ನಮ್ಮೂರಲ್ಲಿರುವುದು ಸೆಕೆ. ಎರಡೂ ಬೇರೆ ಬೇರೆ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ 38 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಇಲ್ಲಿ 33, 34ಕ್ಕೇ ಜನ ಬೀಸಣಿಗೆ ಹುಡುಕುತ್ತಾರೆ. ಕಾರಣ ಗಾಳಿಯಲ್ಲಿರುವ ನೀರು. ಮೈ ತಣ್ಣಗಾಗುವುದು ಬೆವರುವುದರಿಂದಲ್ಲ, ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಮೈಯಿಂದ ಕೊಂಡೊಯ್ಯುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿತ್ತೋ, ಪೂರಾ ದಂಡ. ಸಮುದ್ರದ ಗಾಳಿ ಮೊದಲೇ ತೇವ ಕುಡಿದು ತುಂಬಿರುತ್ತದೆ, ನಿಮ್ಮ ಬೆವರನ್ನು ತೆಗೆದುಕೊಳ್ಳಲು ಅದಕ್ಕೆ ಮನಸ್ಸಿಲ್ಲ.

ಹಾಗಾಗಿ ಒಣ ಊರಿನಲ್ಲಿ ನಡೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಮೈಗೆ ಅಂಟಿದ ಕಾಟನ್ ಕುರ್ತಾ ಬೆವರು ಹೀರುತ್ತದೆ, ಹತ್ತು ನಿಮಿಷಕ್ಕೆ ಆರುತ್ತದೆ. ಇಲ್ಲಿ ಹೀರುತ್ತದೆ, ಅಷ್ಟೆ. ಆರುವುದು ಸಂಜೆ ಮನೆಗೆ ಹೋಗಿ ಹಗ್ಗದ ಮೇಲೆ ಹಾಕಿದ ಮೇಲೆ, ಅದೂ ನಾಳೆ. ಕರಾವಳಿಯಲ್ಲಿ ಬಟ್ಟೆ ಯಾವುದು ಎನ್ನುವ ಪ್ರಶ್ನೆ ಆಮೇಲೆ. ಬಟ್ಟೆಗೂ ಮೈಗೂ ನಡುವೆ ಗಾಳಿ ಓಡಾಡುತ್ತದಾ, ಅದು ಮೊದಲು.

ನೀವು ಹಾಕುವ ಕಾಟನ್ ಎಂಥದ್ದು ಅಂತ ಪತ್ರದಲ್ಲಿ ಬರೆದಿಲ್ಲ. ಊಹೆ ಮಾಡಲಾ? ರೆಡಿಮೇಡ್ ಕುರ್ತಾ, ಒಳಗೆ ಲೈನಿಂಗ್, ಕೆಳಗೆ ಲೆಗ್ಗಿಂಗ್ಸ್. ಹೌದಾದರೆ ಈ ಪತ್ರ ಇಲ್ಲಿಗೇ ನಿಲ್ಲಿಸಿ, ಕಪಾಟಿನಿಂದ ಒಂದು ಕುರ್ತಾ ತೆಗೆದು ಒಳಮೈ ತಿರುಗಿಸಿ ನೋಡಿ. ಹೊರಗೆ ಒಳ್ಳೆಯ ಹತ್ತಿ, ಒಳಗೆ ನುಣ್ಣಗೆ ಜಾರುವ ಕ್ರೇಪ್ ಲೈನಿಂಗ್ ಇದೆಯಾ? ಅದು ಪಾಲಿಯೆಸ್ಟರ್. ನಿಮ್ಮ ಮೈಗೆ ತಾಗುತ್ತಿರುವುದು ಅದೇ, ಹತ್ತಿ ಅಲ್ಲ. ದುಡ್ಡು ಕೊಟ್ಟದ್ದು ಕಾಟನಿಗೆ, ಉಟ್ಟದ್ದು ಪ್ಲಾಸ್ಟಿಕ್.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ. ಅಂಗಡಿ ಇಟ್ಟ ಎರಡನೇ ವರ್ಷ ಒಂದು ಕಚೇರಿಯ ಹನ್ನೆರಡು ಹೆಂಗಸರಿಗೆ ಒಂದೇ ಬಣ್ಣದ ಚೂಡಿದಾರ ಹೊಲಿಯುವ ಕೆಲಸ ಸಿಕ್ಕಿತು. ಬಟ್ಟೆ ಅಪ್ಪಟ ಕೈಮಗ್ಗದ್ದು. ತೆಳ್ಳಗಿದೆ, ಒಳಗಿನದು ಕಾಣುತ್ತದೆ ಅಂತ ನಾನು ಅಗ್ಗದ ಲೈನಿಂಗ್ ಹಾಕಿ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಹನ್ನೆರಡರಲ್ಲಿ ಒಂಬತ್ತು ವಾಪಸ್. ಒಬ್ಬರಿಗಂತೂ ಬೆನ್ನಿಡೀ ಬೆವರುಸಾಲೆ. ಎಲ್ಲ ಬಿಚ್ಚಿ, ತೆಳು ಹತ್ತಿಯ ಮಲ್‌ಮಲ್ ಲೈನಿಂಗ್ ಹಾಕಿ, ಕೂಲಿ ಕೇಳದೆ ಹೊಲಿದು ಕೊಟ್ಟೆ. ಆ ತಿಂಗಳು ಅಂಗಡಿ ಬಾಡಿಗೆ ಕಟ್ಟಿದ್ದು ಅಮ್ಮನ ದುಡ್ಡಿನಿಂದ. ಅಲ್ಲಿಂದ ಇಲ್ಲಿಯವರೆಗೆ ನನ್ನ ಅಂಗಡಿಯೊಳಕ್ಕೆ ಕ್ರೇಪ್ ಲೈನಿಂಗ್ ಬಂದಿಲ್ಲ.

ಇನ್ನು ಬಟ್ಟೆ ಕೊಳ್ಳುವಾಗ ಮಾಡುವ ಪರೀಕ್ಷೆ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಆಚೆ ಬದಿಯಲ್ಲಿ ಅಂಗೈ ಹಿಡಿದರೆ ಉಸಿರು ತಾಗಬೇಕು. ತಾಗದಿದ್ದರೆ ಅದು ನೂರಕ್ಕೆ ನೂರು ಹತ್ತಿಯಾದರೂ ಇಲ್ಲಿಗಲ್ಲ. ಮಲ್‌ಮಲ್, ವಾಯಿಲ್, ತೆಳು ಖಾದಿ ಪಾಸಾಗುತ್ತವೆ. ಒತ್ತಾಗಿ ನೇಯ್ದ ಪಾಪ್ಲಿನ್ ಎಷ್ಟೋ ಸಲ ಫೇಲಾಗುತ್ತದೆ. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡಬಹುದು. ನೋಡಲಿ ಬಿಡಿ.

ಅಂಗಡಿಗಳಲ್ಲಿ ‘ಕಾಟನ್, ಕಾಟನ್’ ಅಂತ ಕೊಡುವ ಕುರ್ತಾಗಳಲ್ಲಿ ತುಂಬಾ ರೇಯಾನ್ ಇರುತ್ತವೆ. ರೇಯಾನ್ ಕೆಟ್ಟದ್ದೇನಲ್ಲ. ಮರದ ತಿರುಳಿನಿಂದ ಮಾಡಿದ್ದು, ಮೆತ್ತಗಿರುತ್ತದೆ, ಚೆಂದ ಇಳಿಬೀಳುತ್ತದೆ, ಹತ್ತಿಗಿಂತ ಜಾಸ್ತಿಯೇ ತೇವ ಹೀರುತ್ತದೆ. ಆದರೆ ಒದ್ದೆಯಾದಾಗ ಅದರ ಬಲ ಅರ್ಧದಷ್ಟು ಇಳಿದುಹೋಗುತ್ತದೆ. ಬೆವರಿ ಜೋತು ಬೀಳುತ್ತದೆ, ಕಂಕುಳಲ್ಲಿ ಬೇಗ ಹರಿಯುತ್ತದೆ. ಒಂದು ನೂಲು ಎಳೆದು ಸುಟ್ಟು ನೋಡಿ ಅಂತ ಹೇಳುವವರಿದ್ದಾರೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ, ಅದು ನಿಜ. ಆದರೆ ಹತ್ತಿ ಮತ್ತು ರೇಯಾನ್ ಎರಡೂ ಕಾಗದ ಸುಟ್ಟ ವಾಸನೆಯೇ ಕೊಡುತ್ತವೆ, ಎರಡೂ ಬೂದಿಯೇ ಆಗುತ್ತವೆ. ಸುಟ್ಟು ನೋಡಿ ಮೋಸ ಹೋದವರೂ ಇದ್ದಾರೆ. ನೂಲನ್ನು ಒದ್ದೆ ಮಾಡಿ ಎಳೆಯಿರಿ. ಸುಲಭಕ್ಕೆ ಕಡಿದರೆ ರೇಯಾನ್ ಅಂತ ಅನುಮಾನ ಪಡಬಹುದು. ಹತ್ತಿಯ ನೂಲು ಒದ್ದೆಯಾದರೆ ಇನ್ನೂ ಗಟ್ಟಿಯಾಗುತ್ತದೆ.

ತೂಕವನ್ನೂ ನೋಡಿ. ಜೀನ್ಸ್ ಬಟ್ಟೆ ಒಂದು ಚದರ ಮೀಟರಿಗೆ 400 ಗ್ರಾಂ ತೂಗುವುದುಂಟು. ಒಳ್ಳೆಯ ಮಲ್‌ಮಲ್ ನೂರು ಗ್ರಾಮಿಗೂ ಕಡಿಮೆ. ಎರಡೂ ಹತ್ತಿಯೇ. ಜೀನ್ಸ್ ಹಾಕಿ ಮಳೆಯಲ್ಲಿ ನೆನೆದವರಿಗೆ ಉಳಿದದ್ದು ನಾನು ಹೇಳಬೇಕಾಗಿಲ್ಲ. ಲೆಗ್ಗಿಂಗ್ಸ್ ಬಗ್ಗೆ ಮಾತ್ರ ಸ್ವಲ್ಪ ಕಟುವಾಗಿ ಹೇಳುತ್ತೇನೆ: ಬಿಟ್ಟುಬಿಡಿ. ಮೈಗೆ ಒತ್ತಿ ಕೂರುವ ಬಟ್ಟೆ, ಬೆವರು, ಸ್ಕೂಟರಿನ ಬಿಸಿ ಸೀಟು. ತೊಡೆಸಂದಿಯಲ್ಲಿ ಹುಳುಕಡ್ಡಿ ಏಳಲು ಇದಕ್ಕಿಂತ ಜಾಸ್ತಿ ಏನೂ ಬೇಡ. ಅಳ್ಳಕದ ನೇರ ಪ್ಯಾಂಟ್ ಹೊಲಿಸಿ. ಪಲಾಝೋ ನಡೆಯಲು ಚೆಂದ, ಆದರೆ ನೀವು ಸ್ಕೂಟರಿನವರು. ಅಷ್ಟು ಅಗಲದ ಬಟ್ಟೆ ಚಕ್ರದ ಹತ್ತಿರ ಹಾರಾಡುವುದು ಬೇಡ. ಕಣಕಾಲಿನ ಮೂರು ಇಂಚು ಮೇಲೆ ನಿಲ್ಲುವ, ಕೆಳಗೆ ಏಳೆಂಟು ಇಂಚು ಅಗಲದ ಪ್ಯಾಂಟ್ ಸಾಕು.

ಈಗ ನಿಮ್ಮ ‘ಆಂಟಿ’ ಸಮಸ್ಯೆಗೆ ಬರೋಣ. ಸಡಿಲ ಬಟ್ಟೆ ಅಂದಕೂಡಲೇ ಹುಡುಗಿಯರು ನೈಟಿ ನೆನಪು ಮಾಡಿಕೊಳ್ಳುತ್ತಾರೆ. ಸಡಿಲವಾದದ್ದೆಲ್ಲ ಚೀಲದಂತೆ ಕಾಣಬೇಕಾಗಿಲ್ಲ. ಚೀಲದಂತೆ ಕಾಣುವುದು ಭುಜ ತಪ್ಪಿದಾಗ. ಭುಜದ ಹೊಲಿಗೆ ನಿಮ್ಮ ಭುಜದ ಎಲುಬಿನ ತುದಿಗೆ ಸರಿಯಾಗಿ ಕೂತರೆ, ಕೆಳಗಿನದು ಎಷ್ಟು ಸಡಿಲವಿದ್ದರೂ ನೋಡುವವರಿಗೆ ಇದು ಅಳತೆಗೆ ಹೊಲಿದದ್ದು ಅಂತ ಗೊತ್ತಾಗುತ್ತದೆ. ಅರ್ಧ ಇಂಚು ಜಾರಿದರೆ ಅಕ್ಕನದ್ದನ್ನು ಹಾಕಿಕೊಂಡಂತೆ. ರೆಡಿಮೇಡಿನಲ್ಲಿ ಒಂದು ಸೈಜು ದೊಡ್ಡದು ಕೊಂಡರೆ ಆಗುವುದೇ ಇದು. ಮೈಯೂ ಸಡಿಲ, ಭುಜವೂ ಸಡಿಲ.

ನಾನು ಎದೆ ಸುತ್ತಳತೆಗೆ ನಾಲ್ಕು ಇಂಚು ಲೂಸ್ ಬಿಡುತ್ತೇನೆ. ಬದಿಯ ಸೀಳು ಸೊಂಟದವರೆಗೆ ಬರಬೇಕು. ಗಾಳಿ ಒಳಗೆ ಬರುವ ಬಾಗಿಲು ಅದು. ಕತ್ತು ಸ್ವಲ್ಪ ತೆರೆದಿರಲಿ, ಬಿಸಿ ಗಾಳಿ ಹೊರಗೆ ಹೋಗುವುದು ಅಲ್ಲಿಂದ. ಕೆಳಗೂ ಮೇಲೂ ದಾರಿ ಇದ್ದರೆ ನೀವು ನಡೆದಾಗಲೆಲ್ಲ ಬಟ್ಟೆಯೇ ನಿಮಗೆ ಗಾಳಿ ಬೀಸುತ್ತದೆ. ಕಾಲರ್, ಮುಚ್ಚಿದ ಕತ್ತು, ಮುಂಗೈಗೆ ಬಿಗಿ ಪಟ್ಟಿ ಇವೆಲ್ಲ ಬೆಂಗಳೂರಿಗಿರಲಿ.

ಕಂಕುಳಿನ ವಿಷಯ ಸ್ವಲ್ಪ ಸೂಕ್ಷ್ಮ. ಅಲ್ಲಿ ಸಡಿಲ ಮಾಡಿ ಅಂದರೆ ಹೆಚ್ಚಿನ ಟೈಲರುಗಳು ಕೈಸುತ್ತನ್ನು, ಅಂದರೆ ತೋಳು ಸೇರುವ ಸುತ್ತನ್ನು, ಕೆಳಗೆ ಇಳಿಸಿಬಿಡುತ್ತಾರೆ. ನೀವು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಇಡೀ ಕುರ್ತಾ ಮೇಲೆ ಬರುತ್ತದೆ. ಕೈಸುತ್ತು ಇಳಿಯಬಾರದು, ತೋಳಿನ ಅಗಲ ಜಾಸ್ತಿಯಾಗಬೇಕು. ಇನ್ನೂ ಒಳ್ಳೆಯ ಉಪಾಯ ಹಳೇ ಜುಬ್ಬಾಗಳಲ್ಲಿದೆ. ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿ ಹೊಲಿಯುತ್ತಿದ್ದರು. ಕೈ ಎತ್ತಿದರೆ ಆ ತುಂಡು ಬಿಚ್ಚಿಕೊಳ್ಳುತ್ತದೆ, ಇಳಿಸಿದರೆ ಮಡಚಿಕೊಳ್ಳುತ್ತದೆ. ನನ್ನ ಗುರುಗಳು ಕಲಿಸಿದ್ದು ಇದನ್ನೇ. ಈಗಿನ ಟೈಲರುಗಳಿಗೆ ತಾಳ್ಮೆ ಇಲ್ಲ, ಕೇಳಿದರೆ ಮುಖ ಗಂಟು ಹಾಕುತ್ತಾರೆ. ಕೇಳಿಯೇ ಬಿಡಿ.

ಹೊಲಿಯಲು ಕೊಡುವ ಮುಂಚೆ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ನಾನು ಬಿಟ್ಟ ನಾಲ್ಕು ಇಂಚೂ ಹೋಯಿತು, ಟೈಲರನ್ನು ಬೈದದ್ದೂ ಸುಮ್ನೆ.

ಬಣ್ಣ. ಬೆವರಿನ ಕಲೆ ಜಾಸ್ತಿ ಕಾಣುವುದು ಬೂದು ಮತ್ತು ತಿಳಿ ನೀಲಿಯಲ್ಲಿ. ಒದ್ದೆಯಾದ ಜಾಗ ಒಮ್ಮೆಲೇ ಕಪ್ಪಾಗುತ್ತದೆ. ಬಿಳಿ, ಕಡು ನೀಲಿ, ಸಣ್ಣ ಸಣ್ಣ ಅಚ್ಚಿನ ಪ್ರಿಂಟ್ ಇವುಗಳಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಬಿಳಿಯ ಕಂಕುಳು ಹಳದಿಯಾಗುವುದು ಬೆವರಿನ ಜತೆಗೆ ಡಿಯೋಡರೆಂಟಿನ ಅಲ್ಯೂಮಿನಿಯಂ ಸೇರಿ. ಅದಕ್ಕೆ ಬ್ಲೀಚ್ ಹಾಕಿದರೆ ಇನ್ನಷ್ಟು ಹಳದಿ. ಹಾಕಿದ ದಿನವೇ ತಣ್ಣೀರಲ್ಲಿ ಜಾಲಿಸಿಬಿಡಿ, ಅಷ್ಟೆ.

ಕಪ್ಪು ಹಾಕಬಾರದು ಅಂತ ನಿಮಗೂ ಯಾರಾದರೂ ಹೇಳಿರಬೇಕು. ಬಿಗಿ ಬಟ್ಟೆಯಾದರೆ ಹೌದು. ಮರುಭೂಮಿಯ ಬೆಡೋಯಿನ್ ಜನ ಕಪ್ಪು ನಿಲುವಂಗಿ ಹಾಕುತ್ತಾರೆ, ಅವರಿಗೆ ಜಾಸ್ತಿ ಬಿಸಿಯಾಗುವುದಿಲ್ಲವೇ ಅಂತ ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ಪ್ರಕಟಿಸಿದ್ದರು. ಕಪ್ಪು ಬಟ್ಟೆಯ ಹೊರಮೈ ಬಿಳಿಯದಕ್ಕಿಂತ ಜಾಸ್ತಿ ಕಾದಿತ್ತು. ಆದರೆ ಒಳಗೆ ಚರ್ಮಕ್ಕೆ ತಲುಪಿದ ಶಾಖ ಎರಡರಲ್ಲೂ ಒಂದೇ. ಅಳ್ಳಕದ ಬಟ್ಟೆಯೊಳಗೆ ಗಾಳಿ ಮೇಲೇರಿ ಹೊರಗೆ ಹೋಗುತ್ತಿತ್ತು. ಅದು ಒಣ ಮರುಭೂಮಿಯ ಲೆಕ್ಕ, ನಿಜ. ಆದರೂ ಕಪ್ಪು ನಿಮಗೆ ಒಪ್ಪುತ್ತದಾದರೆ ಬಿಡಬೇಡಿ, ಮಲ್‌ಮಲ್‌ನಲ್ಲಿ ಅಳ್ಳಕವಾಗಿ ಹೊಲಿಸಿ.

ಇನ್ನು ಕಾಸರಗೋಡು ಸೀರೆ. ಇಲ್ಲಿ ನಾನು ನಿಮ್ಮ ಅತ್ತೆಯ ಪಾರ್ಟಿ, ಮೊದಲೇ ಹೇಳಿಬಿಡುತ್ತೇನೆ.

ಕೇರಳದ ಸೀರೆ ಅಂದರೆ ಹೊರಗಿನವರಿಗೆ ಕೆನೆ ಬಣ್ಣ, ಕಸವು ಅಂದರೆ ಚಿನ್ನದ ಬಣ್ಣದ ಜರಿಯ ಅಂಚು. ನಮ್ಮ ಸೀರೆ ಹಾಗಲ್ಲ. ಬಣ್ಣದ ಒಡಲು, ಸಣ್ಣ ಚೌಕಳಿ ಅಥವಾ ಗೆರೆ, ಅಂಚಿನಲ್ಲಿ ಬೇರೆ ಬಣ್ಣದ ನೇಯ್ಗೆ. ನೇಕಾರ ಸಮುದಾಯವಾದ ಶಾಲಿಯರ ಮಗ್ಗದಿಂದ ಬಂದದ್ದು. 1938ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘ ಇವತ್ತಿಗೂ ವಿದ್ಯಾನಗರದ ಹತ್ತಿರ ಉದಯಗಿರಿಯಲ್ಲಿದೆ. ಒಮ್ಮೆ ಹೋಗಿ ಮಗ್ಗದ ಸದ್ದು ಕೇಳಿಸಿಕೊಂಡು ಬನ್ನಿ. ಈ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ, ಅದೇ ಜಿಐ ಟ್ಯಾಗ್, ಇದೆ. ನೂಲಿಗೆ ವ್ಯಾಟ್ ಬಣ್ಣ ಹಾಕುತ್ತಾರೆ. ಆ ಬಣ್ಣ ನೀರಲ್ಲಿ ಕರಗದ ರೂಪಕ್ಕೆ ತಿರುಗಿ ನೂಲಿನೊಳಗೇ ಕೂತುಬಿಡುತ್ತದೆ. ದಿನಾ ಒಗೆಯಲೇಬೇಕಾದ ಊರಿನಲ್ಲಿ ಬಣ್ಣ ಬಿಡದ ಬಟ್ಟೆ ಅಂದರೆ ಸಣ್ಣ ಮಾತಲ್ಲ. ನನ್ನ ಅಮ್ಮನ ಒಂದು ಹಸಿರು ಸೀರೆ ಇದೆ. ಅಂಚು ಸವೆದು ನೂಲು ಕಾಣುತ್ತಿದೆ, ಹಸಿರು ಮಾತ್ರ ಹಾಗೇ ಇದೆ.

ಕೊಳ್ಳುವಾಗ ನೂಲಿನ ನಂಬರು ಕೇಳಿ. 60, 80, 100 ಅಂತ ಹೇಳುತ್ತಾರೆ. ನಂಬರು ಹೆಚ್ಚಾದಷ್ಟು ನೂಲು ಸಪೂರ. ಈ ಲೆಕ್ಕ ಹೇಗೆ ಅಂದರೆ, 840 ಗಜದ ಲಡಿ ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ನಂಬರು. 80ರ ನೂಲಾದರೆ ಅರ್ಧ ಕಿಲೋಗೂ ಕಡಿಮೆ ತೂಕದಲ್ಲಿ ಸುಮಾರು 61 ಕಿಲೋಮೀಟರ್ ನೂಲು. ಕಾಸರಗೋಡಿನಿಂದ ಮಂಗಳೂರಿಗೆ ಎಳೆದರೂ ಮಿಗುತ್ತದೆ! ನಿಮಗೆ 80 ಸಾಕು. 100 ಇನ್ನೂ ಹಗುರ, ಆದರೆ ಸ್ಕೂಟರ್ ಮತ್ತು ಮಕ್ಕಳ ನಡುವೆ ಅಷ್ಟು ನಾಜೂಕು ಬೇಡ.

ಹಾಗಾದರೆ ಅದನ್ನುಟ್ಟರೆ ಐವತ್ತಾದಂತೆ ಯಾಕೆ ಕಾಣುತ್ತದೆ? ಸೀರೆಯ ತಪ್ಪಲ್ಲ, ಗಂಜಿಯದ್ದು. ಹೊಸ ಸೀರೆ ಗಂಜಿಯಿಂದ ಗಟ್ಟಿಯಾಗಿರುತ್ತದೆ, ನೆರಿಗೆ ಛತ್ರಿಯಂತೆ ಉಬ್ಬಿ ನಿಲ್ಲುತ್ತದೆ. ಸೊಂಟ ದಪ್ಪ, ಹೊಟ್ಟೆ ಮುಂದೆ. ಐದಾರು ಸಲ ಗಂಜಿ ಹಾಕದೆ ಒಗೆಯಿರಿ. ಆಮೇಲೆ ನೋಡಿ, ಮೈಯ ಮೇಲೆ ಹೇಗೆ ಇಳಿಯುತ್ತದೆ ಅಂತ. ಗಂಜಿ ಬೇಕೇಬೇಕು ಅಂತ ಅತ್ತೆ ಹೇಳಿದರೆ ಅವರು ಹಾಕುವುದರ ಕಾಲು ಪಾಲು ಹಾಕಿ, ಅದೂ ಬೇಸಿಗೆಯಲ್ಲಿ ಮಾತ್ರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದು ಬ್ಲೌಸ್. ಸೀರೆಯ ಜತೆ ಬಂದ ತುಂಡಿನಲ್ಲೇ ಅದೇ ಬಣ್ಣದ ಬ್ಲೌಸ್ ಹೊಲಿಸಿಕೊಂಡರೆ ನೀವು ಸಹಕಾರಿ ಬ್ಯಾಂಕಿನ ವಾರ್ಷಿಕ ಸಭೆಗೆ ಹೊರಟಂತೆಯೇ. ಆ ತುಂಡನ್ನು ಕತ್ತರಿಸದೆ ಇಟ್ಟುಕೊಳ್ಳಿ. ಅಚ್ಚಿನ ಪ್ರಿಂಟಿನ ಹತ್ತಿ ಬಟ್ಟೆಯಲ್ಲಿ ದೋಣಿ ಕತ್ತು, ಮೊಣಕೈಯವರೆಗೆ ತುಸು ಅಗಲದ ತೋಳು, ಸೊಂಟಕ್ಕೆ ಎರಡು ಇಂಚು ಜಾಸ್ತಿ ಉದ್ದ ಇಟ್ಟು ಹೊಲಿಸಿ. ಸಾಸಿವೆ ಬಣ್ಣದ ಸೀರೆಗೆ ಕಡು ನೀಲಿ, ಇಟ್ಟಿಗೆ ಕೆಂಪಿಗೆ ಬಿಳಿ ಕಪ್ಪು ಚುಕ್ಕಿ. ಸೀರೆ ಸಾದಾ ಇದ್ದಷ್ಟೂ ಬ್ಲೌಸಿಗೆ ಮಾತಾಡಲು ಜಾಗ ಸಿಗುತ್ತದೆ. ಸೆರಗನ್ನು ಇಸ್ತ್ರಿ ಪಟ್ಟಿಯಂತೆ ಮಡಚಿ ಪಿನ್ ಹಾಕಿದರೆ ಭುಜದ ಮೇಲೆ ಏಳೆಂಟು ಪದರ. ಒಂದೇ ಪದರವಾಗಿ ಬಿಟ್ಟರೆ ತಂಪು. ಪಾಠ ಮಾಡುವಾಗ ಜಾರುತ್ತದೆ ಅನ್ನುವುದಾದರೆ ಮೂರು ಮಡಿಕೆ ಸಾಕು.

ಮೂರನೆಯದು ಒಳಲಂಗ. ಈಗ ಮೀನಿನಾಕಾರದ, ಮೈಗಂಟುವ ಲೈಕ್ರಾ ಒಳಲಂಗಗಳು ಬಂದಿವೆ. ಮದುವೆಯ ಮೂರು ಗಂಟೆಗೆ, ಅದೂ ಏಸಿ ಹಾಲಿನಲ್ಲಿ, ಸರಿ. ಶಾಲೆಗೆ ಬೇಡ. ಹತ್ತಿಯದ್ದನ್ನೇ ಹೊಲಿಸಿ, ಲಾಡಿಯ ಜಾಗದಲ್ಲಿ ಎರಡು ಇಂಚು ಅಗಲದ ಪಟ್ಟಿ ಇಡಿಸಿ. ಸಪೂರ ಲಾಡಿ ಬೆವರಿದ ಸೊಂಟವನ್ನು ಕೊಯ್ದು ಕಪ್ಪು ಗೆರೆ ಮಾಡುತ್ತದೆ. ನಮ್ಮ ತಾಯಂದಿರ ಸೊಂಟ ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ಮಳೆಗಾಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಸುರಿಯುವ ಊರು ಇದು, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ನನ್ನ ಹತ್ತಿಯ ಹಟ ನಾನೇ ಬಿಡುತ್ತೇನೆ. ಹತ್ತಿ ನೂರು ಗ್ರಾಮಿಗೆ ಸುಮಾರು 8 ಗ್ರಾಂ ತೇವವನ್ನು ಸಾಧಾರಣ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಬೇಸಿಗೆಯಲ್ಲಿ ದೋಷವಾದದ್ದು ಮಳೆಯಲ್ಲಿ ಗುಣ. ಜಾರ್ಜೆಟ್ ಸೀರೆ, ಹತ್ತಿ ಪಾಲಿಯೆಸ್ಟರ್ ಬೆರಕೆಯ ಪ್ಯಾಂಟ್ ಫ್ಯಾನಿನ ಕೆಳಗೆ ಒಂದು ಪಿರಿಯಡ್‌ನಲ್ಲಿ ಆರಿಬಿಡುತ್ತದೆ. ಮೇಲೆ ಸಡಿಲ ಹತ್ತಿ, ಕೆಳಗೆ ಬೆರಕೆ. ಹಾಗೆ ಮಾಡಿ.

ಚಪ್ಪಲಿ ಬಗ್ಗೆ ನಾನು ಪಾಠ ಕಲಿತದ್ದು ಕುಂಬಳೆಯ ಹತ್ತಿರದ ಒಂದು ಮದುವೆ ಮನೆಯಲ್ಲಿ. ವಿಶೇಷ ದಿನಗಳಿಗೆ ಅಂತ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ದುಬಾರಿ ಸ್ಯಾಂಡಲ್. ನಾಲ್ಕು ವರ್ಷದಲ್ಲಿ ಹತ್ತು ಸಲವೂ ಹಾಕಿರಲಿಲ್ಲ. ಊಟದ ಪಂಕ್ತಿಯ ಕಡೆಗೆ ನಡೆಯುವಾಗ ಅಟ್ಟೆ ಬೆಲ್ಲದ ಹಾಗೆ ಪುಡಿ ಪುಡಿಯಾಗಿ ಉದುರಿತು! ಹಿಂದಿನಿಂದ ಬರುತ್ತಿದ್ದ ಹುಡುಗ ‘ಆಂಟೀ, ನಿಮ್ಮ ಕಾಲು ಉದುರ್ತಾ ಇದೆ’ ಅಂದ. ಬರಿಗಾಲಲ್ಲಿ ಮನೆಗೆ ಬಂದೆ. ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆಯ ಗುಣವೇ ಅದು. ಗಾಳಿಯ ತೇವ ನಿಧಾನವಾಗಿ ಒಳಗಿಂದ ಅದನ್ನು ಒಡೆಯುತ್ತದೆ. ಹಾಕದೆ ಇಟ್ಟರೂ ಬಚಾವಿಲ್ಲ. ಇಲ್ಲಿ ರಬ್ಬರ್ ಅಥವಾ ಇವಿಎ, ಅಂದರೆ ಹಗುರ ಫೋಮಿನ, ಅಟ್ಟೆ ಕೇಳಿ ತೆಗೆದುಕೊಳ್ಳಿ. ಪಿಯು ಇದ್ದರೆ ಬಚ್ಚಿಡಬೇಡಿ, ಹಾಕಿ ಸವೆಸಿಬಿಡಿ. ಚರ್ಮದ ಚಪ್ಪಲಿ ಜೂನ್‌ನಲ್ಲಿ ಒಳಗೆ ಹೋಗಿ ಅಕ್ಟೋಬರಿನಲ್ಲಿ ಹೊರಗೆ ಬರಲಿ.

ನಿಮ್ಮ ರೇಷ್ಮೆ ಸೀರೆಗೆ ಬೂಷ್ಟು ಬಂದದ್ದಕ್ಕೆ ಕಪಾಟು ಕಾರಣವಿರಬಹುದು. ಹೊರಗೋಡೆಗೆ ಒತ್ತಿ ಇಟ್ಟಿದ್ದೀರಾ? ಕೆಂಪು ಕಲ್ಲಿನ ಗೋಡೆ ಮಳೆಗೆ ನೆಂದು ಒಳಗೆ ತಣ್ಣಗಿರುತ್ತದೆ. ಮೂರು ಇಂಚು ಮುಂದಕ್ಕೆ ಎಳೆಯಿರಿ. ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೇ ಮಲ್‌ಮಲ್ ಪಂಚೆಯಲ್ಲಿ ಸುತ್ತಿ. ಗಂಜಿ ಹಾಕಿದ ಯಾವ ಬಟ್ಟೆಯನ್ನೂ ಮಳೆಗಾಲಕ್ಕೆ ಎತ್ತಿಡಬೇಡಿ. ಗಂಜಿ ಅಂದರೆ ಅನ್ನ ತಾನೇ, ಬೂಷ್ಟಿಗೂ ಬೆಳ್ಳಿಹುಳಕ್ಕೂ ಹಬ್ಬದೂಟ. ಒಗೆದು ಗಂಜಿ ತೆಗೆದು ಒಣಗಿಸಿ ಇಡಬೇಕು. ಬಂದ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಮೊದಲು ನೆರಳಲ್ಲಿ ಹರಡಿ ಪೂರ್ತಿ ಒಣಗಲಿ, ಆಮೇಲೆ ಮೃದು ಬ್ರಷ್‌ನಿಂದ ಮನೆಯ ಹೊರಗೆ ಕೊಡವಿ, ಅನಂತರ ಡ್ರೈಕ್ಲೀನಿಂಗ್. ಡಿಸೆಂಬರ್, ಜನವರಿಯ ಒಣ ದಿನಗಳಲ್ಲಿ ಎಲ್ಲ ಸೀರೆ ಬಿಚ್ಚಿ ಗಾಳಿಗೆ ಹರಡಿ ಮಡಿಕೆ ಬದಲಿಸಿದರೆ ಜರಿಯೂ ಮಡಿಕೆಯಲ್ಲಿ ಒಡೆಯುವುದಿಲ್ಲ.

ಬೇಕಲಕ್ಕೆ ಏನು ಹಾಕುವುದು ಅಂತ ಕೇಳಿದ್ದೀರಿ. ಮೊದಲು, ಬಿಳಿ ಹತ್ತಿ ಬೇಡ. ಒದ್ದೆಯಾದರೆ ಒಳಗಿನದೆಲ್ಲ ಕಾಣುತ್ತದೆ ಎನ್ನುವುದು ಒಂದು. ಒದ್ದೆಯಾದ ತೆಳು ಬಿಳಿ ಹತ್ತಿ ಒಣಗಿದ್ದಾಗ ತಡೆಯುತ್ತಿದ್ದಷ್ಟು ಬಿಸಿಲನ್ನೂ ತಡೆಯುವುದಿಲ್ಲ ಎನ್ನುವುದು ಇನ್ನೊಂದು. ಬರೀ ಕೋಟೆ ನೋಡಿ ಮರಳಲ್ಲಿ ನಡೆಯುವುದಾದರೆ ಮೊಣಕಾಲು ದಾಟುವ ಗಾಢ ಬಣ್ಣದ ಕಾಫ್ತಾನ್, ಕೆಳಗೆ ಮೀನಗಂಡದವರೆಗಿನ ಪ್ಯಾಂಟ್. ಸಂಜೆಯ ಗಾಳಿಗೆ ಕಾಫ್ತಾನ್ ಎಷ್ಟು ಚೆಂದ ಹಾರುತ್ತದೆ ಗೊತ್ತಾ? ಕೋಟೆಯ ಕೆಂಪು ಕಲ್ಲಿನ ಮುಂದೆ ಹಳದಿ ಅಥವಾ ನವಿಲು ನೀಲಿ ಹಾಕಿ ಫೋಟೋ ತೆಗೆಸಿಕೊಳ್ಳಿ. ನೀರಿಗೆ ಇಳಿಯುವುದಾದರೆ ಮಾತ್ರ ನಾನು ಪಾಲಿಯೆಸ್ಟರಿನ ಕಡೆಗೆ. ತುಂಬು ತೋಳಿನ ಈಜುಡುಪು ಸಿಗುತ್ತದೆ, ಅದರ ಮೇಲೆ ತೆಳು ಅಂಗಿ. ಚೂಡಿದಾರ ಹಾಕಿ, ವೇಲು ಸುತ್ತಿಕೊಂಡು ಅಲೆಗೆ ನಿಲ್ಲುವವರನ್ನು ಕಂಡರೆ ನನಗೆ ಭಯ. ಒದ್ದೆಯಾದ ಹತ್ತಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ನೀರಿನ ಹತ್ತಿರ ಹೋಗಲೇಬೇಡಿ.

ಮನೆಗೆ ಬಂದ ಕೂಡಲೇ ಆ ಬಟ್ಟೆ ಸಿಹಿನೀರಿನಲ್ಲಿ ಎರಡು ಸಲ ಜಾಲಿಸಬೇಕು. ಉಪ್ಪು ಉಳಿದ ಬಟ್ಟೆ ಎಷ್ಟು ಒಣಗಿಸಿದರೂ ಒಣಗುವುದಿಲ್ಲ. ಡಬ್ಬಿಯ ಉಪ್ಪು ಮಳೆಗಾಲದಲ್ಲಿ ನೀರೊಡೆಯುವುದನ್ನು ನೋಡಿದ್ದೀರಲ್ಲ, ಬಟ್ಟೆಯಲ್ಲೂ ಅದೇ.

ಒಡವೆ ಬಗ್ಗೆ ಒಂದೇ ಮಾತು. ಇಮಿಟೇಷನ್ ಸರದಿಂದ ಕತ್ತು ತುರಿಸುತ್ತಿದ್ದರೆ ಅದು ಬೆವರಿಗೆ ಬಿಡುವ ನಿಕ್ಕಲ್. ಬೇಸಿಗೆಯಲ್ಲಿ ಕತ್ತು ಖಾಲಿ ಬಿಡಿ, ಕಿವಿಗೆ ದೊಡ್ಡದು ಹಾಕಿ, ಕೈಗೆ ಗಾಜಿನ ಬಳೆ. ನಿಮ್ಮ ಮನೆಯವರು ಸಿಂಥೆಟಿಕ್ ಅಂಗಿಯೊಳಗೆ ಬನಿಯನ್ ಹಾಕಿ ಬೆವರುತ್ತಿದ್ದರೆ ಮನೆಯಲ್ಲಾದರೂ ಮುಂಡು ಉಡಲು ಹೇಳಿ. ಇಡೀ ಕರಾವಳಿಯಲ್ಲಿ ಬುದ್ಧಿವಂತ ಉಡುಪು ಅಂದರೆ ಅದೇ, ಸೆಕೆಯಾದರೆ ಮಡಚಿ ಕಟ್ಟಿದರಾಯಿತು. ನಮಗೆ ಹೆಂಗಸರಿಗೆ ಆ ಭಾಗ್ಯ ಇಲ್ಲ.

ಹತ್ತು ಸಾವಿರದ ಲೆಕ್ಕ. ಇರುವ ಕುರ್ತಾಗಳಲ್ಲಿ ಬಟ್ಟೆ ಚೆನ್ನಾಗಿದ್ದು ಲೈನಿಂಗ್ ಕೆಟ್ಟದ್ದಿರುವ ನಾಲ್ಕನ್ನು ಆರಿಸಿ, ಲೈನಿಂಗ್ ಬದಲಿಸಲು ಟೈಲರಿಗೆ ಕೊಡಿ. ಹೊಸದು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಮೂರು ಕುರ್ತಾಕ್ಕೆ ಬಟ್ಟೆ ತೆಗೆದುಕೊಳ್ಳಿ, ಒಂದಕ್ಕೆ ಎರಡೂವರೆ ಮೀಟರ್. ಎರಡು ಪ್ಯಾಂಟ್, ಒಂದು ಬಿಳಿ, ಒಂದು ಕಡು ನೀಲಿ. ಎರಡು ಪ್ರಿಂಟ್ ಬ್ಲೌಸ್, ಎರಡು ಹತ್ತಿ ಒಳಲಂಗ, ಒಂದು ಜತೆ ರಬ್ಬರ್ ಅಟ್ಟೆಯ ಸ್ಯಾಂಡಲ್. ಹೊಲಿಗೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಬೇಕಾದರೆ ಒಂದು ಕುರ್ತಾ ಕಡಿಮೆ ಮಾಡಿ. ಇದಿಷ್ಟೂ ಹತ್ತು ಸಾವಿರದೊಳಗೆ ಮುಗಿಯಬೇಕು.

ಸೀರೆಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಬೇಕಂತಲೇ. ಹೊಸದು ಬೇಕಾದರೆ ಓಣಂ ಹೊತ್ತಿಗೆ ಕೈಮಗ್ಗದ ಬಟ್ಟೆಗೆ ರಿಯಾಯಿತಿ ಸಿಗುತ್ತದೆ, ಆಗ ಕೊಳ್ಳಿ. ಅಲ್ಲಿಯವರೆಗೆ ಅತ್ತೆಯ ಹತ್ತಿರ ಹೋಗಿ ಅವರ ಹಳೆಯದೊಂದು ಕೇಳಿ. ಹತ್ತು ವರ್ಷ ಒಗೆದು ಒಗೆದು ಮೆತ್ತಗಾದದ್ದು, ಗಂಜಿ ಬಿಟ್ಟುಹೋದದ್ದು. ನಿಮಗೆ ಬೇಕಾದ ಇಳಿಬೀಳು ಇರುವುದು ಅದರಲ್ಲೇ.